ಶಬಾನಾ ಮಾಡಿದ ಬಿಳಿ ಪರದೆ

ಇಂದು ಬೆಳಿಗ್ಗೆ ದೇವದುರ್ಗದ ಬಸ್ ನಿಲ್ದಾಣದ ಎದುರು ಯಾರದೋ ಹುಟ್ಟುಹಬ್ಬಕ್ಕೆ ಹೊಸ ಫ್ಲೆಕ್ಸ್ ಕಟ್ಟುತ್ತಿದ್ದರು. ಅದರ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಮೈ ಉರಿದುಹೋಯಿತು. ನೀವು ಜೊತೆಗಿದ್ದಿದ್ದರೆ, ಪಾಪ ಹುಟ್ಟುಹಬ್ಬದವನು ನಿಮಗೇನು ಮಾಡಿದ ಎಂದು ಕೇಳುತ್ತಿದ್ದಿರಿ. ಅವನೇನೂ ಮಾಡಿಲ್ಲ. ಈ ಸಿಟ್ಟು ರಾಯಚೂರಿನದು.

ಅಲ್ಲಿನ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ನಾನೂ ಮಾನ್ವಿಯ ಶಬಾನಾಳೂ ಅಕ್ಕಪಕ್ಕ ಕೂತು ಡಿಸೈನ್ ಮಾಡುತ್ತಿದ್ದೆವು. ಮೀಸೆ ತೀಡುವುದು, ಮುಖ ಬೆಳ್ಳಗೆ ಮಾಡುವುದು, ಶುಭ ಕೋರುವವರನ್ನು ಕೆಳಗೆ ಸಾಲಾಗಿ ನಿಲ್ಲಿಸುವುದು. ಇದರಲ್ಲೇ ಜನ್ಮ ಸವೆಯುತ್ತದೆಂದು ಹೆದರಿ ಇಬ್ಬರೂ ಒಂದು ಪಣ ತೊಟ್ಟೆವು: ದಿನಕ್ಕೊಂದು ಪುಟ್ಟ ಮೊಬೈಲ್ ಆ್ಯಪ್ ಮಾಡಬೇಕು. ಉಪಯೋಗಕ್ಕೆ ಬರಬೇಕೆಂದಿಲ್ಲ, ಆದರೆ ಬೇರೆ ಯಾರೂ ಮಾಡಿರಬಾರದು. ಗಿರಾಕಿಗಳು ಬರುವ ಮೊದಲು ಒಬ್ಬರಿಗೊಬ್ಬರು ತೋರಿಸಬೇಕು.

ನನ್ನ ಮೊದಲನೆಯದು, ರಸ್ತೆಯ ಯಾವ ಬದಿಗೆ ನೆರಳಿದೆ ಎಂದು ಹೇಳುವ ಆ್ಯಪ್. ರಾಯಚೂರಿನ ಬಿಸಿಲು ಕಂಡವರು ನಗಲಾರರು. ಶಬಾನಾ ಮಾತ್ರ ಬಿದ್ದು ಬಿದ್ದು ನಕ್ಕಳು. ಖಾಲಿ ಜಾಗ ಬಿಟ್ಟರೆ ಗಿರಾಕಿ ಬೈಯುತ್ತಾನಲ್ಲ, ಆ ರೂಢಿಯಲ್ಲಿ ನನ್ನ ಕೈ ಪರದೆಯ ಕೆಳಗೆ ಮಾವನ ಮುಖವನ್ನೂ ಅಣ್ಣನ ಮುಖವನ್ನೂ ಕೂರಿಸಿಬಿಟ್ಟಿತ್ತು.

“ನೆರಳಿಗೂ ನಿಮ್ಮ ಮಾವನೇ ಶುಭ ಕೋರಬೇಕೇನಕ್ಕಾ?”

ಖಾಲಿ ಬಿಡುವುದನ್ನು ಅವಳು ನನಗಿಂತ ಬೇಗ ಕಲಿತಳು. ಒಂದು ದಿನ ತೋರಿಸಿದ್ದು ಬರೀ ಬಿಳಿ ಪರದೆ. ಅಕ್ಷರವಿಲ್ಲ, ಗುಂಡಿಯಿಲ್ಲ. ಹೆಬ್ಬೆರಳಿಟ್ಟರೆ ಮಾನ್ವಿಯಲ್ಲಿ ಅವಳ ಅಮ್ಮಿಯ ಫೋನು ನಡುಗುತ್ತದೆ, ಎತ್ತಿದರೆ ನಿಲ್ಲುತ್ತದೆ. ಅಮ್ಮಿ ಬಟ್ಟೆ ಹೊಲಿಯುವವರು. ಮಷಿನ್ ಸದ್ದಿನಲ್ಲಿ ರಿಂಗ್ ಕೇಳುವುದಿಲ್ಲವೆಂದು ಫೋನನ್ನು ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದರು. ಶಬಾನಾ ಬೆರಳಿಟ್ಟಳು. ಸ್ವಲ್ಪ ಹೊತ್ತಿಗೆ ಅವಳ ಫೋನೂ ನಡುಗಿತು. ಅಮ್ಮಿ ಅತ್ತ ಬೆರಳಿಟ್ಟಿದ್ದರು.

ಅದನ್ನು ನೋಡಿದ ನಮ್ಮ ಮಾಲಕರು ವರ್ತಕರ ಸಭೆಯಲ್ಲಿ ತೋರಿಸಿ ಚಪ್ಪಾಳೆ ಗಿಟ್ಟಿಸಿಕೊಂಡು ಬಂದರು. ಮರುವಾರ ಚೌಕದಲ್ಲಿ ದೊಡ್ಡ ಫ್ಲೆಕ್ಸ್ ಎದ್ದಿತು. ಬೇರೆ ಅಂಗಡಿಯಲ್ಲಿ ಗುಟ್ಟಾಗಿ ಮಾಡಿಸಿದ್ದರು. ‘ನಮ್ಮ ಅಂಗಡಿಯ ಹೊಸ ಸಾಧನೆ’ ಎಂಬ ಸಾಲು, ಅದರ ಕೆಳಗೆ ಒಂದು ಮೊಬೈಲು. ಆ ಬಿಳಿ ಪರದೆಯ ತುಂಬ ಮಾಲಕರ ಮುಖ, ಸುತ್ತ ಹೂಮಾಲೆ, ಕೆಳಗೆ ಶುಭ ಕೋರುವ ಮಂದಿ. ಶಬಾನಾಳ ಹೆಸರು ಎಲ್ಲಿಯೂ ಇಲ್ಲ.

“ಆಕಿ ಹೆಸರು ಯಾಕ ಹಾಕಿಲ್ರೀ?” ಎಂದು ಕೇಳಿದೆ.

“ಹೆಣ್ಮಗಳ ಹೆಸರು ಚೌಕಿನ್ಯಾಗ ತೂಗಾಕಿದ್ರ ಆಕಿ ಮನ್ಯಾಗ ಏನಂದಾರು? ಆಕಿ ಮಾನಕ್ಕಂತನೇ ಬಿಟ್ಟೀನಿ.”

“ಆಕಿನ್ನ ಕೇಳಿದ್ರೇನು?”

“ಅದರಾಗ ಕೇಳೂದೇನದ?”

ಕದ್ದದ್ದನ್ನು ಮರ್ಯಾದೆಯ ಬಟ್ಟೆಯಲ್ಲಿ ಸುತ್ತಿ ಕೊಡುವವರನ್ನು ಕಂಡರೆ ನನಗೆ ಇಂದಿಗೂ ಆಗುವುದಿಲ್ಲ. ನೇರವಾಗಿ ಕದಿಯುವವನು ಎಷ್ಟೋ ವಾಸಿ.

ಮಗಳು ಮಾಡಿದ್ದನ್ನು ಚೌಕದಲ್ಲಿ ಹಾಕಿದ್ದಾರೆಂದು ಯಾರೋ ಹೇಳಿದ್ದೇ ಸಾಕು, ಅಮ್ಮಿ ಹಬ್ಬಕ್ಕೆಂದು ಎತ್ತಿಟ್ಟಿದ್ದ ಸೀರೆ ಉಟ್ಟು ಮಾನ್ವಿಯಿಂದ ಬಸ್ ಹತ್ತಿ ಬಂದರು. ಏನಂದಾರೋ ಎಂದು ಮಾಲಕರು ಹೆದರಿದ್ದ ಮನೆಯವರು ಇವರೇ. ಶಬಾನಾ ಬರಲೊಪ್ಪಲಿಲ್ಲ, ನಾನೇ ಕರೆದೊಯ್ದೆ. ಅಮ್ಮಿ ಫ್ಲೆಕ್ಸಿನ ಕೆಳಗೆ ನಿಂತು, ಬಿಸಿಲಿಗೆ ಕೈ ಅಡ್ಡ ಹಿಡಿದು, ಶುಭ ಕೋರುವವರ ಹೆಸರನ್ನೆಲ್ಲ ಒಂದೊಂದಾಗಿ ಓದಿದರು. ಕೊನೆಗೆ ಮುಟ್ಟಿ, ಮತ್ತೆ ಮೊದಲಿನಿಂದ ಓದಿದರು.

“ಇಷ್ಟೆಲ್ಲ ಮಂದಿ ಅದಾರ. ನಮ್ಮ ಶಬಾನಾ ಎಲ್ಲಿ ಅದಾಳವ್ವಾ?”

ಅವರನ್ನು ಅಲ್ಲೇ ಬಿಟ್ಟು ನಾನು ಅಂಗಡಿಗೆ ನಡೆದೆ. ಗಿರಾಕಿಗಳ ಎದುರಿಗೇ ಮಾಲಕರಿಗೆ, “ಆಕಿ ಮಾನ ಕಾಯಾಕ ಆಕಿ ಅವ್ವ ಬಂದಾಳ, ಚೌಕಿನ್ಯಾಗ ನಿಂತಾಳ. ಹೋಗಿ ಮುಖ ತೋರಿಸ್ರಿ” ಎಂದೆ. ಅವರು ಹೋಗಲಿಲ್ಲ. ನಾವಿಬ್ಬರೂ ಆ ಕೆಲಸ ಬಿಟ್ಟೆವು.

ಈಗ ನನಗೆ ನಮ್ಮೂರು ದೇವದುರ್ಗದಲ್ಲೇ ಡಿಸೈನ್ ಕೆಲಸಕ್ಕೆ ಸ್ವಂತದ್ದೊಂದು ಟೇಬಲ್ಲಿದೆ, ಅವಳಿಗೆ ಮಾನ್ವಿಯಲ್ಲೊಂದು. ಪಣ ಮಾತ್ರ ಫೋನಿನ ಮೇಲೆ ನಡೆದೇ ಇದೆ. ಬಸ್ ನಿಲ್ದಾಣದಿಂದ ಬಂದವಳೇ ಅವಳಿಗೆ ಫೋನ್ ಮಾಡಿ, ಹಳೆಯ ಸಿಟ್ಟು ಬಂದು ಕೈ ಆಡುತ್ತಿಲ್ಲ, ಇದನ್ನೆಲ್ಲ ಮರೆತುಬಿಡಬೇಕು ಎಂದೆ.

ಶಬಾನಾ ಹೇಳಿದಳು: “ನಾ ಯಾವಾಗೋ ಮರ್ತೀನಿ ಅಕ್ಕಾ. ಅಮ್ಮಿ ಮರ್ತಿಲ್ಲ. ರಾಯಚೂರಿಗೆ ಹೋದಾಗೆಲ್ಲ ಒಂದೊಂದು ಫ್ಲೆಕ್ಸಿನ ಮುಂದನೂ ನಿಂತು ಹೆಸರು ಓದ್ತಾಳ.”

ಮರೆಯುವ ಮಾತನ್ನು ನಾನು ಮತ್ತೆ ಎತ್ತಲಿಲ್ಲ.