ಕ್ಯಾಮೆರಾ ಬಿದ್ದದ್ದು ಯಾವಾಗ

೧೯೭೬ರ ಜೂನ್ ತಿಂಗಳಲ್ಲಿ ನಾನು ಮಂಡ್ಯದ ಒಂದು ಸರ್ಕಾರಿ ಕಚೇರಿಗೆ ಛಾಯಾಗ್ರಾಹಕನಾಗಿ ಸೇರಿದೆ. ಆಗ ನನಗೆ ಇಪ್ಪತ್ತನಾಲ್ಕು ವರ್ಷ. ಎರಡು ವರ್ಷದ ಪ್ರೊಬೇಷನ್, ಅಂದರೆ ಆ ಅವಧಿಯಲ್ಲಿ ಹೆಸರಿಗೆ ಸಣ್ಣದೊಂದು ಮಸಿ ಹತ್ತಿದರೂ ಕಾರಣ ಕೇಳದೆ ಮನೆಗೆ ಕಳಿಸಬಹುದು. ದೇವಸ್ಥಾನಗಳಿಂದ ಹಳೆಯ ವಿಗ್ರಹಗಳು ಕಳುವಾಗುತ್ತಿದ್ದ ಕಾಲ. ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ದೇವಸ್ಥಾನಗಳಿಗೆ ಹೋಗಿ ಒಂದೊಂದು ವಿಗ್ರಹಕ್ಕೂ ಮೂರು ಫೋಟೋ ತೆಗೆಯುವುದು ನನ್ನ ಕೆಲಸವಾಗಿತ್ತು. ಮುಂಭಾಗದ್ದು, ಹಿಂಭಾಗದ್ದು, ಗುರುತಿನ ಜಾಗದ್ದು. ಅವನ್ನು ರಿಜಿಸ್ಟರಿಗೆ ಅಂಟಿಸಿ ಪಕ್ಕದಲ್ಲಿ ಸಹಿ ಹಾಕಬೇಕು. ಮುಂದೆ ಕದ್ದ ಮಾಲು ಸಿಕ್ಕಿದರೆ ಅದು ಯಾವ ಊರಿನದು ಎಂದು ಹೇಳಬೇಕಾದದ್ದು ಆ ಮೂರು ಫೋಟೋಗಳೇ.

ಈಗ ಕ್ಯಾಮೆರಾ ಹಿಡಿದ ಹುಡುಗರು ಮನೆಗೆ ಬಂದು, ಬಾರು ಯಾವುದು ಒಳ್ಳೆಯದು, ಕೈಗೆ ಸುತ್ತಿಕೊಳ್ಳಬೇಕೋ ಕೊರಳಿಗೆ ಹಾಕಿಕೊಳ್ಳಬೇಕೋ ಎಂದು ಕೇಳುತ್ತಾರೆ. ಹೇಳಿಕೊಡುತ್ತೇನೆ. ಅವರು ಸಂತೋಷಪಟ್ಟುಕೊಂಡು ಹೋದ ಮೇಲೆ ಬಾಯಲ್ಲಿ ಕಹಿ ಉಳಿಯುತ್ತದೆ. ಯಾಕೆ ಎನ್ನುವುದನ್ನು ಇಷ್ಟು ವರ್ಷ ಯಾರಿಗೂ ಪೂರ್ತಿ ಹೇಳಿರಲಿಲ್ಲ.

ಕಚೇರಿಯಲ್ಲಿದ್ದದ್ದು ಒಂದೇ ಒಂದು ಒಳ್ಳೆಯ ಕ್ಯಾಮೆರಾ. ಮೇಲೊಂದು ಕೆಳಗೊಂದು ಲೆನ್ಸು, ಎದೆಯ ಮಟ್ಟಕ್ಕೆ ಹಿಡಿದು ತಲೆ ಬಗ್ಗಿಸಿ ಗಾಜಿನಲ್ಲಿ ನೋಡಿ ತೆಗೆಯುವಂಥದ್ದು. ತೂಕ ಒಂದು ಕಿಲೋಗಿಂತ ಸ್ವಲ್ಪ ಜಾಸ್ತಿ. ಒಂದು ಸುರುಳಿಗೆ ಹನ್ನೆರಡು ಫೋಟೋ. ಇಂಥ ಕ್ಯಾಮೆರಾಕ್ಕೆ ಬಾರು ಇರುವುದು ಬರೀ ಹೊತ್ತು ತಿರುಗುವುದಕ್ಕಲ್ಲ. ಬಾರನ್ನು ಕೊರಳಿಗೆ ಹಾಕಿ ಕ್ಯಾಮೆರಾವನ್ನು ಕೆಳಕ್ಕೆ ಒತ್ತಿ ಹಿಡಿದರೆ ಕೈ ನಡುಗುವುದಿಲ್ಲ. ಹಿಡಿತ ತಪ್ಪಿದರೂ ಹೊಟ್ಟೆಗೆ ಬಡಿಯುತ್ತದೆಯೇ ಹೊರತು ನೆಲಕ್ಕಲ್ಲ. ನಮ್ಮದು ಚರ್ಮದ ಬಾರು. ಹಿತ್ತಾಳೆ ಉಂಗುರ ಉಜ್ಜಿ ಉಜ್ಜಿ ಚರ್ಮ ಸವೆಯುವ ಒಂದು ಜಾಗವಿರುತ್ತದೆ. ಬೆಳಿಗ್ಗೆ ಬಸ್ಸು ಹತ್ತುವ ಮೊದಲು ಅದನ್ನು ಮಡಿಸಿ ನೋಡುತ್ತಿದ್ದೆ, ಎರಡು ಸಲ ಜಗ್ಗುತ್ತಿದ್ದೆ, ಹದಿನೈದು ದಿನಕ್ಕೊಮ್ಮೆ ಹರಳೆಣ್ಣೆ ಸವರುತ್ತಿದ್ದೆ. ಈ ವಿಷಯದಲ್ಲಿ ನನ್ನಷ್ಟು ಅಚ್ಚುಕಟ್ಟಾದವನು ಇನ್ನೊಬ್ಬನಿಲ್ಲ ಎಂಬ ಜಂಬವೂ ಇತ್ತು.

ಅಕ್ಟೋಬರಿನಲ್ಲಿ ಮಳವಳ್ಳಿ ತಾಲ್ಲೂಕಿನ ಒಂದು ಹಳ್ಳಿಗೆ ಹೋದೆ. ಊರಿನ ಹೆಸರು ಬೇಡ, ಆ ಮನೆತನದವರು ಇನ್ನೂ ಇದ್ದಾರೆ. ಜಲಪಾತದ ಹತ್ತಿರದ ಬ್ಲಫ್ ಊರಿನ ಕಡೆಗೆ ಹೋಗುವ ಬಸ್ಸಿನಿಂದ ಇಳಿದು ಎರಡು ಮೈಲಿ ನಡೆಯಬೇಕು. ಅರ್ಚಕರು ನರಸಿಂಹ ಭಟ್ಟರು, ಅರವತ್ತು ದಾಟಿದ್ದ ತೆಳ್ಳನೆಯ ಆಳು. ದೇವಸ್ಥಾನದ ಉಸ್ತುವಾರಿ ನೋಡುತ್ತಿದ್ದವರು ಚಿಕ್ಕೇಗೌಡರು, ನಾಲೆ ಬಯಲಿನಲ್ಲಿ ಗದ್ದೆಯಿದ್ದ ದೊಡ್ಡ ಕುಳ. ನಾನು ಮಂಡ್ಯದ ಹತ್ತಿರದ ದುದ್ದ ಊರಿನವನು ಎಂದು ತಿಳಿದ ಕೂಡಲೇ ಗೌಡರು ಹಿಗ್ಗಿ, ನನ್ನ ತಾತನ ಹೆಸರು ಕೇಳಿ, ತಮ್ಮ ಅತ್ತಿಗೆಯ ಕಡೆಯಿಂದ ಏನೋ ಒಂದು ನಂಟು ಹುಡುಕಿಯೇಬಿಟ್ಟರು.

ನಾನು ಹೊಸ್ತಿಲು ದಾಟುವಾಗ ಭಟ್ಟರು ಕ್ಯಾಮೆರಾ ನೋಡಿದರು. "ಅದರ ಚೀಲ, ಬಾರು ಚರ್ಮದ್ದಲ್ಲವೇ? ಒಳಗೆ ಚರ್ಮ ತರೋ ಹಾಗಿಲ್ಲ. ಬಿಚ್ಚಿ ಹೊರಗಿಟ್ಟು ಬನ್ನಿ" ಎಂದರು.

ಗೌಡರು ಸುಮ್ಮನಿರಲಿಲ್ಲ. "ಅಲ್ಲ ಅಯ್ನೋರೆ, ನಗಾರಿಗೆ ಬಿಗ್ದಿರೋದೇನು, ಬಾಳೆಪಟ್ಟೆನಾ?"

"ನಗಾರಿ ಹೊರಗಿನ ಮಂಟಪದಲ್ಲಿರುತ್ತೆ ಗೌಡ್ರೆ. ಇದು ನಾನು ಮಾಡಿದ ನಿಯಮ ಅಲ್ಲ" ಎಂದ ಭಟ್ಟರು ನನ್ನತ್ತ ತಿರುಗಿ, "ಬೇಕಾದರೆ ಹಳೇ ಪಂಚೆ ಅಂಚು ಹರಿದು ಕೊಡ್ತೀನಿ, ಬಾರಿನ ಬದಲು ಅದನ್ನ ಕಟ್ಕೊಳ್ಳಿ" ಎಂದರು.

ಈ ಮಾತನ್ನು ನಾನು ಬರೆಯಲೇಬೇಕು. ಯಾಕೆಂದರೆ ಮುಂದೆ ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡದ್ದು ಬೇರೆ. ಮಡಿಯ ಕಾಟಕ್ಕೆ ಕ್ಯಾಮೆರಾ ಬಿತ್ತು, ಮುದುಕ ಹಟ ಹಿಡಿಯದಿದ್ದರೆ ಏನೂ ಆಗುತ್ತಿರಲಿಲ್ಲ ಎಂದು. ಸುಳ್ಳು. ಅವರು ಬಟ್ಟೆ ಕೊಡುತ್ತೇನೆಂದರು. ಸರ್ಕಾರಿ ಛಾಯಾಗ್ರಾಹಕ ಕೊರಳಿಗೆ ಪಂಚೆಯ ಚೂರು ಕಟ್ಟಿಕೊಂಡು ನಿಂತರೆ ಜನ ನಗುತ್ತಾರೆ ಎಂದು ನನಗೆ ಅನ್ನಿಸಿತು. "ಬೇಡ ಸ್ವಾಮಿ, ನನ್ನ ಕೈ ನನಗೆ ಗೊತ್ತು" ಎಂದು ಬಾರು, ಚೀಲ ಎರಡನ್ನೂ ಬಿಚ್ಚಿ ಚಪ್ಪಲಿಯ ಪಕ್ಕದ ಕಂಬಕ್ಕೆ ನೇತುಹಾಕಿ ಒಳಗೆ ಹೋದೆ.

ಮೊದಲ ಎಂಟು ಫೋಟೋ ಕಲ್ಲಿನ ವಿಗ್ರಹಗಳಿಗೆ ಹೋದವು. ಆಮೇಲೆ ಭಟ್ಟರು ಉತ್ಸವಮೂರ್ತಿಯನ್ನು ತಂದು ಬಾಗಿಲ ಬೆಳಕಿಗೆ ಇಟ್ಟರು. ಒಂದಡಿ ಎರಡಂಗುಲದ ಪಂಚಲೋಹದ ನಾರಾಯಣ. ಕ್ಯಾಮೆರಾವನ್ನು ಮುಕ್ಕಾಲಿ ಸ್ಟ್ಯಾಂಡಿಗೆ ಬಿಗಿದು ಮುಂಭಾಗ ಎರಡು ಸಲ, ಹಿಂಭಾಗ ಒಂದು ಸಲ ತೆಗೆದೆ. ಉಳಿದದ್ದು ಗುರುತಿನ ಜಾಗ. ಕೆಳಗಿನ ಎಡಗೈಯ ಕಿರುಬೆರಳು ಯಾವ ಕಾಲದಲ್ಲೋ ಮುರಿದು ಬೆಸುಗೆ ಹಾಕಿಸಿದ್ದು. ಭಟ್ಟರು ಅದನ್ನು ಮುಟ್ಟಿ ತೋರಿಸಿ, "ಅಭಿಷೇಕ ಮಾಡುವಾಗ ಇಲ್ಲಿ ಬಟ್ಟೆ ಸಿಕ್ಕಿಕೊಳ್ಳುತ್ತೆ. ನಲವತ್ತು ವರ್ಷದಿಂದ ಜೋಪಾನವಾಗಿ ಒರೆಸ್ತಾ ಇದೀನಿ" ಎಂದರು. ಅಷ್ಟು ಸಣ್ಣ ಜಾಗಕ್ಕೆ ಮುಕ್ಕಾಲಿ ಬಗ್ಗುವುದಿಲ್ಲ. ಕ್ಯಾಮೆರಾ ಬಿಡಿಸಿ ಕೈಗೆ ತೆಗೆದುಕೊಂಡೆ. ಅಡ್ಡವಿದ್ದ ದೀಪವನ್ನು ಸ್ವಲ್ಪ ಮೊದಲು ಸರಿಸಿದ್ದೆ, ಬೆರಳಿಗೆ ಎಣ್ಣೆ ಹತ್ತಿತ್ತು. ಬಗ್ಗಿದೆ, ಕ್ಯಾಮೆರಾ ಜಾರಿತು. ಹಿಡಿಯಲು ಹೋದ ಕೈಗೆ ಅದರ ಮೂಲೆ ತಗುಲಿ ಇನ್ನೂ ದೂರಕ್ಕೆ ಹೋಗಿ ಚಪ್ಪಡಿಯ ಮೇಲೆ ಬಿತ್ತು. ಹಿಂದಿನ ಮುಚ್ಚಳ ತೆರೆದುಕೊಂಡಿತು.

ಗೌಡರು ನೋಡುತ್ತಲೇ ಇದ್ದರು. "ಓಯ್ತಾ?" ಎಂದರು.

"ಏನೂ ಆಗಿಲ್ಲ ಬಿಡಿ" ಎಂದೆ. ಆಗಿತ್ತು. ಶಟರ್ ಕಚ್ಚಿಕೊಂಡಿತ್ತು, ಒಂದು ಮೂಲೆ ಚಪ್ಪಟೆಯಾಗಿತ್ತು. ತೆಗೆದಾದ ಫಿಲಂ ಒಂದು ಉರುಳೆಗೆ ಬಿಗಿಯಾಗಿ ಸುತ್ತಿಕೊಂಡಿರುತ್ತದೆ. ಮುಚ್ಚಳ ತೆರೆದಾಗ ಒಳಗಿನ ಸುತ್ತುಗಳು ಉಳಿಯಬಹುದು, ಹೊರಗಿನವಕ್ಕೆ ಬೆಳಕು ತಾಗಿ ಎಲ್ಲ ಕಪ್ಪಾಗುತ್ತದೆ. ಕತ್ತಲೆ ಕೋಣೆಯಲ್ಲಿ ತೊಳೆದು ನೋಡಿದಾಗ ಕಲ್ಲಿನ ವಿಗ್ರಹಗಳ ಏಳು ಫೋಟೋ ಉಳಿದಿದ್ದವು. ಉತ್ಸವಮೂರ್ತಿಯದು ಒಂದೂ ಇರಲಿಲ್ಲ.

ಸರ್ಕಾರಿ ಕ್ಯಾಮೆರಾ ಬಿದ್ದರೆ ಅದೇ ದಿನ ಲಿಖಿತವಾಗಿ ತಿಳಿಸಬೇಕು ಎಂಬುದು ನಿಯಮ. ಆಮೇಲೆ ವಿಚಾರಣೆ ನಡೆಯುತ್ತದೆ. ತುರ್ತು ಪರಿಸ್ಥಿತಿಯ ದಿನಗಳು ಬೇರೆ, ಯಾರ ಕೆಲಸ ಯಾವಾಗ ಹೋಗುತ್ತದೋ ಎಂದು ಕಚೇರಿಯಲ್ಲಿ ಎಲ್ಲರೂ ಉಸಿರು ಬಿಗಿಹಿಡಿದು ಕೂತಿದ್ದರು. ನಾನು "ಬಳಕೆಯಲ್ಲಿ ಶಟರ್ ಕೆಟ್ಟಿದೆ" ಎಂದಷ್ಟೇ ಬರೆದೆ. ಚಪ್ಪಟೆಯಾದ ಮೂಲೆ ಚರ್ಮದ ಚೀಲದೊಳಗೆ ಕಾಣುತ್ತಿರಲಿಲ್ಲ. ವಿಗ್ರಹಗಳ ಪಟ್ಟಿಯನ್ನು ಮೇಲಿನ ಕಚೇರಿಗೆ ಕಳಿಸಲು ಆರು ದಿನ ಉಳಿದಿತ್ತು. ಮದ್ದೂರು ಕಡೆಯ ಒಂದು ದೇವಸ್ಥಾನದಲ್ಲಿ ಹಿಂದಿನ ತಿಂಗಳು ತೆಗೆದ ನಾರಾಯಣನ ಫೋಟೋಗಳು ನನ್ನ ಹತ್ತಿರ ಹೆಚ್ಚಿಗೆ ಇದ್ದವು. ಎತ್ತರದಲ್ಲಿ ಒಂದಂಗುಲ ವ್ಯತ್ಯಾಸ, ಅದೇ ನಾಲ್ಕು ಕೈ, ಅದೇ ನಿಲುವು. ಅವನ್ನೇ ಭಟ್ಟರ ದೇವಸ್ಥಾನದ ಪುಟಕ್ಕೆ ಅಂಟಿಸಿ ಸಹಿ ಹಾಕಿದೆ. ಕ್ಯಾಮೆರಾ ರಿಪೇರಿಯಾಗಿ ಬಂದ ಕೂಡಲೇ ಮತ್ತೆ ಹೋಗಿ ಸರಿಯಾದದ್ದನ್ನು ತೆಗೆದು ಬದಲಾಯಿಸುತ್ತೇನೆ ಎಂದುಕೊಂಡಿದ್ದೆ. ಕ್ಯಾಮೆರಾ ಎರಡು ತಿಂಗಳಿಗೆ ಬಂತು. ನಾನು ಹೋಗಲಿಲ್ಲ. ಇವತ್ತು, ನಾಳೆ ಎಂದು ವರ್ಷ ಕಳೆಯಿತು.

೧೯೭೭ರ ಡಿಸೆಂಬರಿನಲ್ಲಿ ಆ ದೇವಸ್ಥಾನದ ಬೀಗ ಒಡೆದು ಉತ್ಸವಮೂರ್ತಿಯನ್ನು ಕದ್ದರು. ಮೂರು ವಾರದ ಮೇಲೆ ಒಂದು ಲಾರಿಯಲ್ಲಿ ಹುರುಳಿ ಮೂಟೆಗಳ ನಡುವೆ ಐದು ವಿಗ್ರಹ ಸಿಕ್ಕಿದವು. ಗುರುತು ಹಿಡಿಯಲು ಪೊಲೀಸರು ಭಟ್ಟರನ್ನೂ ಗೌಡರನ್ನೂ ಸ್ಟೇಷನ್ನಿಗೆ ಕರೆಸಿದರು. ರಿಜಿಸ್ಟರ್ ತೆಗೆದುಕೊಂಡು ಬರುವಂತೆ ನನಗೂ ಹೇಳಿಕಳಿಸಿದರು.

ಭಟ್ಟರು ಮೇಜಿನ ಮೇಲಿನ ಐದರಲ್ಲಿ ಒಂದರ ಮುಂದೆ ನಿಂತು ಕೈಮುಗಿದರು. "ಇದೇ ನಮ್ಮ ಸ್ವಾಮಿ. ಎಡಗೈ ಕಿರುಬೆರಳು ನೋಡಿ, ಬೆಸುಗೆ" ಎಂದರು. ಇನ್ಸ್‌ಪೆಕ್ಟರು ಬೆರಳು ನೋಡಿದರು, ನನ್ನ ಫೋಟೋ ನೋಡಿದರು. ಫೋಟೋದಲ್ಲಿ ಬೆಸುಗೆಯೇ ಇರಲಿಲ್ಲ. ಕಿರೀಟವೂ ಬೇರೆ ಥರ ಇತ್ತು. ಅವರ ಮುಖ ಬದಲಾಯಿತು. ನೋಂದಣಿಯಾದ ವಿಗ್ರಹವನ್ನು ಮೊದಲೇ ಮಾರಿ, ಆ ಜಾಗದಲ್ಲಿ ಬೇರೊಂದನ್ನು ಇಟ್ಟು ಪೂಜೆ ಮಾಡುತ್ತಿದ್ದೀರಾ ಎಂದು ಭಟ್ಟರನ್ನು ಕೇಳಿದರು. ಭಟ್ಟರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ.

ಆಗ ಗೌಡರು ನನ್ನ ಕಡೆ ತಿರುಗಿದರು. "ಅವತ್ತು ಕ್ಯಾಮ್ರ ಬಿತ್ತಲ್ಲಪ್ಪ, ನಾನೇ ಕಂಡಿವ್ನಿ. ಮುಚ್ಚಳ ತೆರ್ಕಂಡಿತ್ತು. ಅಂಗಾದ್ಮೇಕೆ ಈ ಪೋಟ ಎಲ್ಲಿಂದ ಬಂತು?"

ಇನ್ಸ್‌ಪೆಕ್ಟರು ಪೆನ್ನು ಹಿಡಿದುಕೊಂಡೇ ಕೇಳಿದರು. "ಕ್ಯಾಮೆರಾ ಬಿದ್ದದ್ದು ಯಾವಾಗ?"

ಪ್ರೊಬೇಷನ್ ಮುಗಿಯಲು ಐದು ತಿಂಗಳಿತ್ತು. "ಫೋಟೋ ಎಲ್ಲ ತೆಗೆದಾದ ಮೇಲೆ ಸಾರ್. ಫಿಲಂಗೆ ಏನೂ ಆಗಲಿಲ್ಲ" ಎಂದೆ. ನನ್ನ ಧ್ವನಿ ನಡುಗಲಿಲ್ಲ. ಅದಕ್ಕೆ ನನಗೆ ಇವತ್ತಿಗೂ ಅಸಹ್ಯವಾಗುತ್ತದೆ.

ಗೌಡರು ಒಂದು ಗಳಿಗೆ ನನ್ನನ್ನೇ ನೋಡಿ, "ನೀನು ಅಂಗಂದ್ರೆ ಅಂಗೇ ಇರಬೇಕು ಬುಡು" ಎಂದರು. ಕಣ್ಣಾರೆ ಕಂಡದ್ದನ್ನು ಬಿಟ್ಟು ನಮ್ಮ ಕಡೆಯ ಹುಡುಗ ಎಂದು ನನ್ನ ಮಾತು ನಂಬಿದರು. ಪೊಲೀಸರು ಭಟ್ಟರನ್ನು ನಾಲ್ಕು ದಿನ ಕೂರಿಸಿಕೊಂಡು ವಿಚಾರಿಸಿದರು. ಸಾಕ್ಷಿ ಸಿಗದೆ ಕಳಿಸಿದರು. ವಿಗ್ರಹ ವಾರಸುದಾರರಿಲ್ಲದ್ದೆಂದು ಉಗ್ರಾಣ ಸೇರಿತು. ಊರಿನಲ್ಲಿ ಪಂಚಾಯಿತಿ ಸೇರಿ, ದೇವರನ್ನೇ ಮಾರಿಕೊಂಡವನ ಕೈಯಿಂದ ತೀರ್ಥ ತೆಗೆದುಕೊಳ್ಳುವುದು ಹೇಗೆ ಎಂದು ಅವರಿಂದ ಪೂಜೆ ಬಿಡಿಸಿದರು. ಮಾತು ಎತ್ತಿದವರು ಚಿಕ್ಕೇಗೌಡರೇ. ಭಟ್ಟರು ಹೆಂಡತಿಯೊಂದಿಗೆ ಮಳವಳ್ಳಿಯ ತಂಗಿಯ ಮನೆಗೆ ಹೋದರು. ಇದೆಲ್ಲ ನನ್ನ ಕಿವಿಗೆ ಬೀಳುತ್ತಿತ್ತು. ಆದರೂ ಬಾಯಿ ಬಿಡಲಿಲ್ಲ.

೧೯೭೮ರ ಜೂನ್‌ನಲ್ಲಿ ಖಾಯಂ ಆದೇಶ ಬಂತು. ಅದು ಕೈಗೆ ಬಂದ ಒಂಬತ್ತನೇ ದಿನ ನಡೆದದ್ದನ್ನೆಲ್ಲ ಎರಡು ಪುಟ ಬರೆದು ಮೇಲಧಿಕಾರಿಗೆ ಕೊಟ್ಟೆ. ಇದನ್ನು ಧೈರ್ಯ ಎಂದು ಯಾರಾದರೂ ಹೊಗಳಿದರೆ ಅವರಿಗೆ ನನ್ನ ಮೇಲೆ ಪ್ರೀತಿ ಇದೆ ಎಂದರ್ಥ, ಅಷ್ಟೆ. ಅಧಿಕಾರಿ ಓದಿ, "ಇಷ್ಟು ದಿನ ಕಾದವನು ಪೂರ್ತಿ ಸುಮ್ಮನಿರಬಹುದಾಗಿತ್ತಲ್ಲ" ಎಂದರು. ಎರಡು ಇನ್ಕ್ರಿಮೆಂಟ್ ತಡೆಹಿಡಿದರು. ನನಗಾದ ಶಿಕ್ಷೆ ಅಷ್ಟೇ.

ವಿಗ್ರಹ ವಾಪಸು ಪಡೆಯಲು ಗುರುತು ಹಿಡಿದವರ ಸಹಿ ಬೇಕಿತ್ತು. ಕಾಗದ ಹಿಡಿದು ನಾನೂ ಗೌಡರೂ ಮಳವಳ್ಳಿಗೆ ಹೋದೆವು. ಬಸ್ ನಿಲ್ದಾಣದಿಂದ ನಡೆಯುವಾಗ ಗೌಡರು ಒಂದೇ ಮಾತಾಡಿದರು. "ನಾನೇ ಕಂಡಿದ್ದೆ ಕಣಪ್ಪ. ನಿನ್ ಮಾತ ಕೇಳಿ ನನ್ ಕಣ್ಣೇ ಸುಳ್ಳು ಅಂದ್ಕಂಡೆ." ಆಮೇಲೆ ಅವರು ನನ್ನ ಪಕ್ಕ ನಡೆಯಲಿಲ್ಲ, ನಾಲ್ಕು ಹೆಜ್ಜೆ ಮುಂದೆ ಹೋದರು.

ಭಟ್ಟರು ಜಗುಲಿಯ ಮೇಲೆ ಕೂತಿದ್ದರು. ಇನ್ನಷ್ಟು ಸೊರಗಿದ್ದರು. ಗೌಡರು ತಲೆ ತಗ್ಗಿಸಿ, "ತಪ್ಪಾಯ್ತು ಅಯ್ನೋರೆ. ಬನ್ನಿ, ಊರ್ಗೋಗವ. ನೀವೇ ಪೂಜೆ ಮಾಡ್ಬೇಕು" ಎಂದರು.

"ಸ್ವಾಮಿ ಊರಿಗೆ ಬರಲಿ. ನಾನು ಬರೋಲ್ಲ" ಎಂದರು ಭಟ್ಟರು. "ನಲವತ್ತು ವರ್ಷ ನೋಡಿದವರು ನನ್ನ ಕೇಳಲಿಲ್ಲ ಗೌಡ್ರೆ. ಒಂದು ಚೂರು ಫೋಟೋ ಕಾಗದದ ಮಾತು ಕೇಳಿದಿರಿ." ಕಾಗದ ತೆಗೆದುಕೊಂಡು ನಿಧಾನವಾಗಿ ಸಹಿ ಮಾಡಿದರು. ಆಮೇಲೆ ಮೊದಲ ಸಲ ನನ್ನ ಕಡೆ ನೋಡಿದರು. "ಅವತ್ತು ಬಾರು ಬಿಚ್ಚಿಸಿದ್ದು ನಾನು. ಅದಕ್ಕೆ ನನ್ನನ್ನ ಬೈಯಿರಿ. ಆದರೆ ಸ್ಟೇಷನ್ನಿನಲ್ಲಿ ಕೇಳಿದಾಗ, ಫೋಟೋ ಮುಗಿಯೋಕೆ ಮೊದಲೇ ಬಿತ್ತು ಅಂತ ನಿಜ ಹೇಳೋಕೆ ನಿಮಗೇನಾಗಿತ್ತು?"

"ಕೆಲಸ ಹೋಗ್ತಿತ್ತು ಸ್ವಾಮಿ" ಎಂದೆ.

"ಹೋಯಿತಲ್ಲ" ಎಂದರು. "ನಿಮ್ಮದಲ್ಲ, ನನ್ನದು." ಎದ್ದು ಒಳಗೆ ಹೋದರು. ಸಹಿಯಾದ ಕಾಗದ ಮಡಿಸಿಕೊಂಡು ನಾವು ಬಸ್ ನಿಲ್ದಾಣಕ್ಕೆ ನಡೆದೆವು.

ವಿಗ್ರಹ ಊರಿಗೆ ವಾಪಸು ಬಂತು, ಭಟ್ಟರು ಮಾತ್ರ ಮತ್ತೆ ಆ ದೇವಸ್ಥಾನದ ಮೆಟ್ಟಿಲು ಹತ್ತಲಿಲ್ಲ. ನಾನು ಮೂವತ್ತಾರು ವರ್ಷ ಸೇವೆ ಮುಗಿಸಿ, ಮಾಲೆ ಹಾಕಿಸಿಕೊಂಡು ನಿವೃತ್ತನಾದೆ. ಹೊಸದಾಗಿ ಸೇರಿದವರಿಗೆಲ್ಲ ಬಾರಿನ ಪಾಠ ಮಾಡಿದ್ದೇನೆ. ಉಂಗುರದ ಜಾಗ ದಿನಾ ನೋಡಿ, ಎಣ್ಣೆಗೈಯಲ್ಲಿ ಮುಟ್ಟಬೇಡಿ, ಚರ್ಮ ಬೇಡವೆಂದ ಕಡೆ ನೂಲಿನ ಪಟ್ಟಿ ಕಟ್ಟಿ, ಬರಿಗೈಯನ್ನು ಮಾತ್ರ ನಂಬಬೇಡಿ. ಇಷ್ಟೆಲ್ಲ ಮಾಡಿದರೂ ಒಂದಲ್ಲ ಒಂದು ದಿನ ಕ್ಯಾಮೆರಾ ಬೀಳುತ್ತದೆ. ಅವತ್ತು ಅದನ್ನು ಎತ್ತಿಕೊಳ್ಳುವುದಕ್ಕೆ ಮೊದಲು, ಅಲ್ಲಿ ನಿಂತವರಿಗೆಲ್ಲ ಕೇಳುವ ಹಾಗೆ, ಬಿತ್ತು ಎಂದು ಹೇಳಿಬಿಡಿ. ನಾನು ಅದನ್ನು ಹೇಳಲು ಇಪ್ಪತ್ತು ತಿಂಗಳು ತೆಗೆದುಕೊಂಡೆ. ಅಷ್ಟು ಹೊತ್ತಿಗೆ ಅದರಿಂದ ಭಟ್ಟರಿಗೆ ಏನೂ ಉಪಯೋಗವಿರಲಿಲ್ಲ.