ಚುಕ್ಕಿ ಇಲ್ಲದ ಸಮುದ್ರ

ನನ್ನ ಸಮುದ್ರ ಇವತ್ತು ಮುಗೀತು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟೋಳು, ಟಿವಿಯಾಗೆ ಬಿಟ್ರೆ ಸಮುದ್ರನೇ ಕಾಣದೋಳು, ಬಿರುಗಾಳಿ ಎದ್ದ ಸಮುದ್ರದ ಚಿತ್ರ ಬರೆದೆ ಅಂತ ಇಡೀ ನಿಜಲಿಂಗಪ್ಪ ಬಡಾವಣೆಗೆ ಹೇಳಬೇಕು ಅನ್ನಿಸ್ತೈತೆ. ಹೇಳೋಕೆ ತ್ರಾಣ ಇಲ್ಲ. ಬಲಗಡೆ ರಟ್ಟೆ ಬಿದ್ದೇಹೋಗೈತೆ.

ಮೊಮ್ಮಗಳ ಬಣ್ಣ ಮಿಕ್ಕಿದ್ವು. ನನ್ನ ಖುಷಿಗೆ ಅಂತ ಶುರು ಮಾಡಿದ್ದೆ. ಅಲೆ ಒಮ್ಮೆಯಾದರೂ ಸಿಟ್ಟಿಗೆದ್ದಂಗೆ ಕಾಣಬೇಕು, ಅಷ್ಟೇ ಆಸೆ. ನನಗೆ ಗೊತ್ತಿದ್ದದ್ದು ರಂಗೋಲಿ. ಹಾಳೆ ತುಂಬ ಚುಕ್ಕಿ ಇಟ್ಟು, ಅದರ ಮೇಲೆ ಅಲೆ ಎಳೆದೆ. ಹದಿನೈದು ದಿನಕ್ಕೆ ಮೂರು ಹಾಳೆ ಹಾಳಾದವು.

"ಅಜ್ಜಿ, ಇವು ಅಲೆ ಅಲ್ಲ, ಪ್ರಾರ್ಥನೆಗೆ ನಿಂತ ಶಾಲೆ ಹುಡುಗ್ರು," ಅಂದಳು ಮೊಮ್ಮಗಳು.

ಮಾತು ಖರೇನೇ. ಬ್ಯಾಡ ಇನ್ನು ಅಂತ ಕುಂಚ ತೊಳೆದಿಟ್ಟೆ.

ಇವತ್ತು ಮಧ್ಯಾಹ್ನ ನನ್ನ ತವರು ಹರಿಹರದ ಹೊಳೆ ನೆನಪಾಯ್ತು. ತುಂಬಿ ಬಂದಾಗ ಅದು ಯಾರ ಚುಕ್ಕಿ ಕೇಳ್ತಿತ್ತು? ಹಾಳೆ ನೆಲಕ್ಕೆ ಹಾಸಿ, ಹಳೇ ಬಟ್ಟೆ ಬಣ್ಣದಾಗೆ ಅದ್ದಿ, ಅಂಗಳ ಸಾರಿಸಿದಂಗೆ ತೋಳು ಬೀಸಿದೆ. ಅಲೆ ಒಂದರ ಮೇಲೊಂದು ಬಿದ್ದವು. ಎದ್ದೇಳೋಕಾಗದೆ ಅಲ್ಲೇ ಗೋಡೆಗೆ ಒರಗಿ ಕೂತು ನೋಡಿದೆ.

ಸಂಜೆ ಎಲ್ಲರೂ ಅದರ ಮುಂದೇನೇ ಊಟಕ್ಕೆ ಕೂತ್ವಿ. ನನ್ನ ಕೈ ಏಳಲಿಲ್ಲ ಅಂತ ಸೊಸೆ ರೊಟ್ಟಿ ಮುರಿದುಕೊಟ್ಟಳು. ಮೊಮ್ಮಗಳು ಚಿತ್ರ ನೋಡ್ತಾ ನೋಡ್ತಾ ತನ್ನ ತಟ್ಟೆ ಹಿಂದಕ್ಕೆ ಎಳ್ಕಂಡಳು.

"ಯಾಕವ್ವ?" ಅಂದ ನನ್ನ ಮಗ.

"ಪಲ್ಯಕ್ಕೆ ನೀರು ಸಿಡಿತೈತೆ ಅಪ್ಪ."

ಎಡಗೈಲಿ ನಾನೂ ನನ್ನ ತಟ್ಟೆ ಸರಿಸಿಕೊಂಡೆ.