ಕಡಲಿಗೆ ಬೇಲಿ ಹಾಕಿದ ದುಗ್ಗಪ್ಪ ಗೌಡರು

ದುಗ್ಗಪ್ಪ ಗೌಡರ ಬಗ್ಗೆ ಬರೆಯಲು ಈ ಮರ್ಕಂಜದಲ್ಲಿ ನನಗಿಂತ ಯೋಗ್ಯರು ಯಾರೂ ಇಲ್ಲ. ಅವರ ಹೆಂಡತಿ ದೇವಮ್ಮನವರಿಗೆ ಅವರ ಊಟ, ನಿದ್ದೆ, ಮೂಗಿನ ತುದಿಯ ಸಿಟ್ಟು ಗೊತ್ತಿರಬಹುದು. ನನಗೆ ಅವರ ಬೇಲಿ ಗೊತ್ತು. ಅವರ ಜಾಗಕ್ಕೂ ನನ್ನ ಜಾಗಕ್ಕೂ ನಡುವೆ ಇರುವುದು ಆ ಒಂದೇ ಬೇಲಿ. ಅದು ಹದಿನೆಂಟು ವರ್ಷಗಳಿಂದ ಒಂದು ಕಡೆ ನಿಂತದ್ದಿಲ್ಲ.

ಅವರ ಕ್ರಮ ಹೀಗೆ. ಪ್ರತಿ ವರ್ಷ ಮಳೆ ಬಿಟ್ಟ ಮೇಲೆ ಬೇಲಿಯ ರಿಪೇರಿ. ಅದಕ್ಕಿಂತ ಮೊದಲೇ ಬೇಲಿಯ ಈಚೆ, ಅಂದರೆ ನನ್ನ ನೆಲದಲ್ಲಿ, ಯಾರೋ ಬಿಸಾಡಿದ ಹಾಗೆ ಒಂದಷ್ಟು ಅನಾನಸಿನ ಸಸಿಗಳು ಬೇರು ಬಿಟ್ಟಿರುತ್ತವೆ. ಕೇಳಿದರೆ "ಅದು ಹೇಗೋ ಬಂದದ್ದು ಭಟ್ರೆ" ಎಂದು ಒಂದೇ ಉತ್ತರ. ಸಸಿ ಗಟ್ಟಿಯಾದ ಮೇಲೆ, ಪಾಪ, ದನ ತಿಂದೀತು ಎಂಬ ಕಾಳಜಿಯಿಂದ ಬೇಲಿಯೇ ಒಂದು ಗೇಣು ಮುಂದೆ ಬಂದು ಅದನ್ನು ಒಳಗೆ ಹಾಕಿಕೊಳ್ಳುತ್ತದೆ. ಒಮ್ಮೆ ಅಳತೆ ಮಾಡಿಸಿ ಗಡಿಕಲ್ಲು ಹಾಕಿಸಿದೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಕಲ್ಲಿಗೂ ಕಾಲು ಬಂತು. ವರ್ಷಕ್ಕೊಂದು ಗೇಣಿನಂತೆ ಹದಿನೆಂಟು ಗೇಣು. ಎಲ್ಲದಕ್ಕೂ ನನ್ನ ಬಳಿ ಫೈಲು ಇದೆ. ತಾರೀಕು, ಅಳತೆ, ನಕ್ಷೆ, ಫೋಟೋ ಯಾವುದೂ ಬಿಟ್ಟಿಲ್ಲ. ನಾನು ಆ ಫೈಲು ಬಿಚ್ಚಿದರೆ ನನ್ನ ಹೆಂಡತಿ ವಸುಮತಿ "ಪಾರಾಯಣ ಶುರುವಾಯಿತು" ಎಂದು ಎದ್ದು ಒಳಗೆ ಹೋಗುತ್ತಾಳೆ.

ಆದರೂ ನ್ಯಾಯವಾಗಿ ಹೇಳಬೇಕಾದದ್ದನ್ನು ಹೇಳಿಬಿಡುತ್ತೇನೆ. ಗೌಡರಂತೆ ಬೇಲಿ ಕಟ್ಟುವವರು ಸುಳ್ಯದಿಂದ ಕುಂಬ್ರದವರೆಗೆ ಹುಡುಕಿದರೂ ಸಿಗುವುದಿಲ್ಲ. ಅವರು ಹೂತ ಗೂಟವನ್ನು ಇಬ್ಬರು ಅಲ್ಲಾಡಿಸಿದರೂ ಜಗ್ಗುವುದಿಲ್ಲ. ಹಂದಿ ನುಗ್ಗಿದ್ದಿಲ್ಲ. ನನ್ನ ಗೌರಿ ಎಂಬ ದನವನ್ನು ಬಿಟ್ಟರೆ ಬೇರೆ ಯಾವ ಜೀವಿಯೂ ಅವರ ಬೇಲಿ ದಾಟಿದ ದಾಖಲೆ ಇಲ್ಲ. ಗೌರಿ ದಾಟಿದ ದಿನ ನನಗೆ ಆದ ಸಂತೋಷವನ್ನು ನಾನು ಯಾರ ಹತ್ತಿರವೂ ಹೇಳಿಕೊಂಡಿಲ್ಲ.

ಈ ಖ್ಯಾತಿಯೇ ಅವರನ್ನು ಸಮುದ್ರಕ್ಕೆ ಎಳೆದುಕೊಂಡು ಹೋಯಿತು. ಜಾಲ್ಸೂರಿನಲ್ಲಿ ನಮ್ಮೆಲ್ಲರ ಅಡಿಕೆ ಕೊಳ್ಳುವ ಪೋಕರ್ ಬ್ಯಾರಿಗಳ ಮಗಳು ಫಸೀಲಾ ಲಕ್ಷದ್ವೀಪದ ಒಂದು ಪುಟ್ಟ ದ್ವೀಪಕ್ಕೆ ಮದುವೆಯಾಗಿ ಹೋಗಿದ್ದಾಳೆ. ಗಂಡ ಸುಹೈಬ್ ಅಲ್ಲಿಯ ಮೀನುಗಾರ. ಆ ದ್ವೀಪದ ಸುತ್ತ ಹವಳದ ದಿಬ್ಬ. ದಿಬ್ಬದ ಒಳಗೆ ಎದೆಮಟ್ಟದ ನೀರು, ನೀರಿನ ತಳದಲ್ಲಿ ಒಂದು ಕಾಲಕ್ಕೆ ಹುಲ್ಲುಗಾವಲೇ ಇತ್ತಂತೆ. ಈಗ ಕಡಲಾಮೆಗಳು ಹಿಂಡುಹಿಂಡಾಗಿ ಬಂದು ಅದನ್ನು ಬೇರುಸಹಿತ ಮೇಯ್ದು ಬೋಳು ಮಾಡಿವೆ. ಹುಲ್ಲಿಲ್ಲದಿದ್ದರೆ ಮರಳು ಕದಡಿ ಹವಳದ ಮೇಲೆ ಕೂರುತ್ತದೆ. ಮರಿಮೀನುಗಳಿಗೆ ಅಡಗಲು ಜಾಗ ಇಲ್ಲ. ಆ ಮರಿಮೀನು ಇಲ್ಲದೆ ಅವರಿಗೆ ದೊಡ್ಡ ಟ್ಯೂನಾ ಹಿಡಿಯಲು ಎರೆ ಸಿಗುವುದಿಲ್ಲ. ಮೀನಿನ ವಿಷಯದಲ್ಲಿ ನಾನು ತಪ್ಪಿದ್ದರೆ ಓದುವವರು ಕ್ಷಮಿಸಬೇಕು, ನನ್ನ ಜ್ಞಾನವೆಲ್ಲ ಫೋನಿನಲ್ಲಿ ಬಂದದ್ದು.

ದ್ವೀಪದವರು ತಾವೇ ಸಭೆ ಸೇರಿ ಒಂದು ತೀರ್ಮಾನಕ್ಕೆ ಬಂದರು. ಹವಳದ ಮೇಲೆ ಯಾರೂ ಲಂಗರು ಹಾಕಬಾರದು. ಒಂದು ತುಂಡು ಜಾಗಕ್ಕೆ ಆಮೆ ಬಾರದಂತೆ ಬೇಲಿ ಹಾಕಿ, ಅದರೊಳಗೆ ಹುಲ್ಲು ನೆಟ್ಟು ಬೆಳೆಸಬೇಕು. ಅಲ್ಲಿ ಯಾರೂ ಬಲೆ ಬೀಸಬಾರದು. ಆ ತುಂಡು ಬಿಟ್ಟುಕೊಡಲು ಹಿರಿಯ ಮೀನುಗಾರರಿಗೆ ಮನಸ್ಸಿರಲಿಲ್ಲ, ಎರೆಮೀನು ಹಿಡಿಯುವ ಜಾಗ ಅದು. ನಾಲ್ಕು ಸಭೆಯ ನಂತರ ಒಪ್ಪಿದರು. ಷರತ್ತು ಒಂದೇ: ಗುರುತು ಹಾಕಿದ ಜಾಗಕ್ಕಿಂತ ಒಂದು ಗೇಣು ಹೆಚ್ಚಾದರೂ ಬೇಲಿಯನ್ನು ಪೂರ್ತಿ ಕಿತ್ತುಹಾಕುವುದು. ಅಷ್ಟಾಗಿಯೂ ಅವರು ಹಾಕಿದ ಬೇಲಿ ಎರಡು ಸಲ ಮರಳಿನಲ್ಲಿ ಮಗುಚಿತು. ಆಗ ಫಸೀಲಾಳಿಗೆ ತಾನು ಚಿಕ್ಕಂದಿನಲ್ಲಿ ನೋಡಿದ ಗೌಡರ ಬೇಲಿ ನೆನಪಾಯಿತು. ಅಪ್ಪನಿಗೆ ಫೋನ್ ಮಾಡಿದಳು.

ಒಂದು ಗೇಣೂ ಹೆಚ್ಚಾಗಬಾರದ ಬೇಲಿಗೆ ದುಗ್ಗಪ್ಪ ಗೌಡರು! ನನ್ನನ್ನು ಒಂದು ಮಾತು ಕೇಳಿದ್ದರೆ ಆಗಲೇ ಹೇಳುತ್ತಿದ್ದೆ.

ಕೇಳುವ ಸಂದರ್ಭವೂ ಬಂದಿತ್ತೆನ್ನಿ. ಆ ದ್ವೀಪಕ್ಕೆ ಹೋಗಲು ಪರ್ಮಿಟ್ ಬೇಕು, ಪರ್ಮಿಟ್‌ಗೆ ಪೊಲೀಸರ ಕಾಗದ ಬೇಕು, ಠಾಣೆಯಲ್ಲಿ ನೋಡಿದರೆ ಗೌಡರ ಮೇಲೆ ನನ್ನದೇ ದೂರು. ಒಂದು ಬೆಳಿಗ್ಗೆ ಅವರು ಕದಳಿ ಬಾಳೆಗೊನೆ ಹೊತ್ತು ನನ್ನ ಜಗಲಿಗೆ ಬಂದರು. ದೂರು ಹಿಂತೆಗೆದುಕೊಳ್ಳಬೇಕಂತೆ. ಆ ಬಾಳೆ ಬೆಳೆದದ್ದು ನನ್ನಿಂದ ಕಿತ್ತುಕೊಂಡ ನೆಲದಲ್ಲಿ ಎಂದು ಇಬ್ಬರಿಗೂ ಗೊತ್ತಿತ್ತು. ಅಕ್ಟೋಬರ್ ತಿಂಗಳು, ಬೇಲಿ ರಿಪೇರಿಯ ಕಾಲ. ಆ ವರ್ಷ ಅವರು ಊರಲ್ಲಿರುವುದಿಲ್ಲ ಎಂದು ಹೊಳೆದದ್ದೇ ತಡ, ನಾನು ಕಾಫಿ ತರಿಸಿ, ಪೆನ್ನು ಹುಡುಕಿ, ಇವರಂತಹ ಸಜ್ಜನರು ತಾಲೂಕಿನಲ್ಲೇ ಇಲ್ಲ ಎಂದು ಬರೆದು ಸಹಿ ಹಾಕಿಕೊಟ್ಟೆ.

ಅವರು ಜಾಲ್ಸೂರಿನಲ್ಲಿ ಕಾಸರಗೋಡಿನ ಬಸ್ಸು ಹತ್ತಿದರು. ಮರುದಿನ ನಾನು ಹಗ್ಗ, ಫೈಲು ಹಿಡಿದು, ಇಬ್ಬರು ಆಳು ಕರೆದುಕೊಂಡು ಬೇಲಿಗೆ ಇಳಿದೆ. ಅನಾನಸು, ಬಾಳೆ ಎಲ್ಲವನ್ನೂ ಕೀಳಿಸಿದೆ. ಹದಿನೆಂಟು ಗೇಣು ಹಿಂದಕ್ಕೆ ಒಯ್ದೆ. ಒಯ್ಯುವ ಉತ್ಸಾಹದಲ್ಲಿ ಇನ್ನೆರಡು ಗೇಣು ಹೋಯಿತು. ಯಾಕೆ ಹೋಯಿತು ಎಂದು ಕೇಳಿದರೆ, ಹೇಗೋ ಹೋಯಿತು. ದೇವಮ್ಮನವರು ಆಚೆ ನಿಂತು ಎಲ್ಲ ನೋಡಿದರು. ಆಳುಗಳಿಗೆ ಮಜ್ಜಿಗೆ ಕೊಟ್ಟು, "ನಮ್ಮವರು ಬಂದು ನೋಡಲಿ" ಎಂದಷ್ಟೇ ಹೇಳಿ ಒಳಗೆ ಹೋದರು. ಬೈದಿದ್ದರೆ ವಾಸಿಯಿತ್ತು.

ಒಂದು ತಿಂಗಳೆಂದು ಹೋದ ಗೌಡರು ಏಳು ತಿಂಗಳು ನಿಂತರು. ಸುದ್ದಿ ಪೋಕರ್ ಬ್ಯಾರಿಗಳ ಅಂಗಡಿಯ ಮೂಲಕ ಬರುತ್ತಿತ್ತು. ಹೋದ ದಿನವೇ ಗೌಡರು ನೀರಿಗಿಳಿದು, ಆಮೆಗಳ ಹಿಂಡು ನೋಡಿ, ಇವು ಯಾರ ದನ, ಕಟ್ಟಿಹಾಕುವ ಪದ್ಧತಿ ಇಲ್ಲವಾ ಎಂದು ವಿಚಾರಿಸಿದರಂತೆ. ಯಾರದ್ದೂ ಅಲ್ಲ, ಮುಟ್ಟಿದರೆ ಜೈಲು ಎಂದು ಗೊತ್ತಾದಾಗ ದಡಕ್ಕೆ ಬಂದು ಗೂಟ ಎಣಿಸತೊಡಗಿದರಂತೆ. ಎಲ್ಲಕ್ಕಿಂತ ದೊಡ್ಡದಾದ, ಬೇಲಿಯ ಸುತ್ತ ದಿನಾ ಸುಳಿಯುತ್ತಿದ್ದ ಒಂದು ಆಮೆಗೆ ಗೌರಿ ಎಂದು ಹೆಸರಿಟ್ಟರಂತೆ. ಅದನ್ನು ದಿನಾ ತಮ್ಮ ಮನೆಮಾತು ಅರೆಭಾಷೆಯಲ್ಲಿ ಬೈಯುವುದನ್ನು ಕೇಳಿ ಕೇಳಿ ದ್ವೀಪದವರೂ ಆ ಬೈಗುಳ ಕಲಿತರಂತೆ. ಸಂದೇಶ ಸ್ಪಷ್ಟವಾಗಿ ನನಗೇ ಕಳಿಸಿದ್ದು.

ಆದರೆ ಬೇಲಿ ನಿಂತಿತು. ಕಬ್ಬಿಣದ ಪೈಪುಗಳನ್ನು ಓರೆಯಾಗಿ ಎದುರುಬದುರು ಹೂತು, ಅವಕ್ಕೆ ಕಟ್ಟಿದ ಬಲೆಯ ಅಂಚನ್ನು ಒಂದು ಮೊಳ ಮರಳಿನೊಳಗೆ ಮಡಚಿ ಕಲ್ಲು ಹೇರಿದರು. ಹಂದಿಗೆ ಮಾಡುವ ಕ್ರಮ ಅದು. ಫಸೀಲಾ, ಸುಹೈಬ್, ದ್ವೀಪದ ಹೆಂಗಸರು, ಮೀನುಗಾರರು ಎಲ್ಲ ಸೇರಿ ಹುಲ್ಲಿನ ಬೇರುಗಳನ್ನು ತೆಂಗಿನ ನಾರಿನಿಂದ ಸಣ್ಣ ಗೂಟಗಳಿಗೆ ಕಟ್ಟಿ ಸಾಲಾಗಿ ನೆಟ್ಟರು. ಮಾರ್ಚ್ ಹೊತ್ತಿಗೆ ಒಳಗೆಲ್ಲ ಹಸಿರು. ಫಸೀಲಾ ಫೋಟೋ ಕಳಿಸಿದ್ದಳು. ನೀರಿನಡಿಯಲ್ಲಿ ಹುಲ್ಲು ಒಂದೇ ಕಡೆಗೆ ಬಾಗಿತ್ತು. ವಸುಮತಿ ಆ ಫೋಟೋವನ್ನು ಎರಡು ಸಲ ದೊಡ್ಡದು ಮಾಡಿ ನೋಡಿದಳು.

ಏಪ್ರಿಲ್‌ನ ಒಂದು ಮಧ್ಯಾಹ್ನ ಊಟ ಮುಗಿಸಿ ಕುಳಿತಿದ್ದೆ. ಫಸೀಲಾಳ ವಿಡಿಯೋ ಕರೆ ಬಂತು. ಹಿಂದೆ ಬಲೆ ಇಡುವ ಕೊಟ್ಟಿಗೆ, ಇಪ್ಪತ್ತು ಮೂವತ್ತು ಜನ. ನಡುವೆ ನಮ್ಮ ಗೌಡರು ಲುಂಗಿ ಉಟ್ಟು, ತಲೆ ತಗ್ಗಿಸಿ ಕುಳಿತಿದ್ದಾರೆ. ಆಗಿದ್ದು ಇಷ್ಟು: ಅಲ್ಲಿಯ ಹಿರಿಯ ಮೀನುಗಾರರೊಬ್ಬರು ತಮ್ಮ ದೋಣಿ ಕಟ್ಟುವ ಗೂಟದಿಂದ ಬೇಲಿಗೆ ಹನ್ನೆರಡು ಮಾರು ಹಗ್ಗ ಎಂದು ಮೊದಲೇ ಅಳೆದಿಟ್ಟಿದ್ದರು. ಈಗ ಹನ್ನೊಂದೂವರೆಗೇ ಬೇಲಿ ಸಿಗುತ್ತಿದೆ. ಗೌಡರನ್ನು ಕೇಳಿದರೆ ನೀರಿನಲ್ಲಿ ಹೇಗೋ ಬಂದದ್ದು ಎನ್ನುತ್ತಾರೆ. ಸರಿಸಿದ್ದು ನಿಜವಾದರೆ ಮಾತಿನ ಪ್ರಕಾರ ಇವತ್ತೇ ಬೇಲಿ ಕೀಳಬೇಕು. ಕಿತ್ತರೆ ಆಮೆಗಳು ಒಂದು ವಾರದಲ್ಲಿ ಎಲ್ಲ ಮೇಯ್ದು ಮುಗಿಸುತ್ತವೆ. ಪರ್ಮಿಟ್ ಮಾಡಿಸಿಕೊಟ್ಟಿದ್ದ ಸುಹೈಬ್ ಠಾಣೆಯ ದೂರಿನ ವಿಷಯ ಹೇಗೋ ನೆನಪಾಗಿ, ನನ್ನನ್ನೇ ಕೇಳೋಣ ಎಂದಿದ್ದಾನೆ.

ಫಸೀಲಾಳ ಕಣ್ಣು ಕೆಂಪಾಗಿತ್ತು. "ಭಟ್ರೆ, ಒಂದೇ ಪ್ರಶ್ನೆ ಕೇಳ್ತಾ ಇದ್ದಾರೆ. ಗೌಡ್ರು ಬೇಲಿ ಸರಿಸುವ ಜನವಾ? ನಿಮ್ಮ ಮಾತು ನಡೀತದೆ ಇಲ್ಲಿ" ಎಂದಳು.

ಹದಿನೆಂಟು ವರ್ಷ ನಾನು ಕಾದದ್ದು ಈ ಪ್ರಶ್ನೆಗಾಗಿ. ಯಾವ ಕಚೇರಿಯಲ್ಲಿಯೂ ನನ್ನನ್ನು ಇಷ್ಟು ಮರ್ಯಾದೆಯಿಂದ ಯಾರೂ ಕೇಳಿರಲಿಲ್ಲ. ಫೈಲು ಕೈಗೆ ಸಿಗುವಷ್ಟೇ ದೂರದಲ್ಲಿತ್ತು. ಗೌಡರು ಒಮ್ಮೆ ತಲೆ ಎತ್ತಿ ನೋಡಿ ಮತ್ತೆ ತಗ್ಗಿಸಿದರು. ನನ್ನ ಎದುರು ಆ ಮನುಷ್ಯ ತಲೆ ತಗ್ಗಿಸಿದ್ದು ಅದೇ ಮೊದಲು. ನನಗೆ ಖುಷಿಯಾಗಬೇಕಿತ್ತು, ಆಗಲಿಲ್ಲ. ಜೊತೆಗೆ ನನ್ನ ಕಿಟಕಿಯಿಂದ ನಾನೇ ಸರಿಸಿದ ಬೇಲಿ ಚೆನ್ನಾಗಿ ಕಾಣುತ್ತಿತ್ತು.

ಸುಳ್ಳು ಹೇಳಲು ಬಾಯಿ ಬರಲಿಲ್ಲ. ಹದಿನೆಂಟು ವರ್ಷದ ಸತ್ಯವನ್ನು ಹಾಗೆ ಬಿಟ್ಟುಕೊಡುವುದು ಹೇಗೆ? "ಸರಿಸುವ ಜನವೇ," ಎಂದೆ. "ನನ್ನದೇ ಹದಿನೆಂಟು ಗೇಣು ತಿಂದಿದ್ದಾರೆ. ಆದರೆ ಒಂದು ಮಾತು ಉಂಟು. ಈ ಮನುಷ್ಯ ಖಾಲಿ ಜಾಗಕ್ಕೆ ಬೇಲಿ ಹಾಕಿದವರಲ್ಲ. ಮೊದಲು ನೆಡುದು, ಬೇರು ಹಿಡಿದ ಮೇಲೆ ಬೇಲಿ ಬರುದು. ಈಗ ಬೇಲಿಯ ಹೊರಗೆ ಹೋಗಿ ನೋಡಿ. ಎಂತಾದರೂ ನೆಟ್ಟಿರ್ತಾರೆ."

ಫಸೀಲಾ ಅವರ ಭಾಷೆಯಲ್ಲಿ ಹೇಳಿದಳು. ಆಮೇಲೆ ಎಲ್ಲರೂ ಒಟ್ಟಿಗೆ ಎದ್ದ ಸದ್ದಾಯಿತು, ಕರೆ ಕಡಿಯಿತು.

ಆ ಒಂದು ಗಂಟೆ ನಾನು ಅಂಗಳದಲ್ಲಿ ಎಷ್ಟು ಸಲ ತಿರುಗಿದೆನೋ. ಅಲ್ಲಿ ಏನೂ ನೆಟ್ಟಿರದಿದ್ದರೆ? ಹದಿನೆಂಟು ವರ್ಷ ನಾನು ಅರ್ಥಮಾಡಿಕೊಂಡ ಮನುಷ್ಯ ಸಮುದ್ರದಲ್ಲಿ ಬುದ್ಧಿ ಬದಲಿಸಿದ್ದರೆ? ವಸುಮತಿ ಫೋನನ್ನು ನನ್ನ ಕೈಯಿಂದ ತೆಗೆದು ಚಾರ್ಜಿಗೆ ಇಟ್ಟಳು, ತಾನೂ ಅದರ ಪಕ್ಕದಲ್ಲೇ ಕುಳಿತಳು.

ಫಸೀಲಾಳೇ ಮತ್ತೆ ಕರೆ ಮಾಡಿದಳು, ಒದ್ದೆ ತಲೆಯಲ್ಲಿ. ಬೇಲಿಯ ಹೊರಗೆ ನಾಲ್ಕೂ ಬದಿಗೆ ಒಂದು ಸಾಲು ಹುಲ್ಲು ಇತ್ತಂತೆ. ಆಮೆ ತಿನ್ನದಂತೆ ಅದರ ಮೇಲೆ ಹಳೇ ಬಲೆಯನ್ನು, ನಮ್ಮೂರಲ್ಲಿ ಕೋಳಿಗೆ ಕುಕ್ಕೆಬುಟ್ಟಿ ಮುಚ್ಚುವ ಹಾಗೆ, ಮುಚ್ಚಿ ಅಂಚಿಗೆ ಕಲ್ಲು ಇಟ್ಟಿದ್ದರಂತೆ. ಸರಿಸಿದ ಅರ್ಧ ಮಾರಿನಲ್ಲಿಯೂ ಹುಲ್ಲು ದಟ್ಟವಾಗಿ ಹಿಡಿದಿತ್ತು. ಆ ಹಿರಿಯರು ನೀರಿಗೆ ಮುಖ ಹಾಕಿ ನೋಡಿದರೆ ಹುಲ್ಲಿನ ತುಂಬ ಎರೆಮೀನಿನ ಮರಿಗಳು. ಮೂರು ವರ್ಷದಿಂದ ಆ ಬದಿಯಲ್ಲಿ ಕಂಡಿರಲಿಲ್ಲವಂತೆ. ಅವರು ಮೇಲೆದ್ದು, ಬೇಲಿ ಇರಲಿ ಎಂದರು. ಇನ್ನು ಮುಂದೆ ಹುಲ್ಲು ಎಲ್ಲಿಗೆ ಹೋಗುತ್ತದೋ ಬೇಲಿಯೂ ಅಲ್ಲಿಗೆ ಹೋಗಬಹುದು, ಆದರೆ ಸಭೆಯನ್ನು ಕೇಳಿ ಹೋಗಬೇಕು. ಕೇಳದೆ ಸರಿಸಿದ್ದಕ್ಕೆ ಗೌಡರು ಎಲ್ಲರ ಎದುರು ಕ್ಷಮೆ ಕೇಳಬೇಕು.

"ಕೇಳಿದ್ರಾ?" ಎಂದೆ.

ಕೇಳಿದರಂತೆ. ತಪ್ಪಾಯಿತು ಎಂದರಂತೆ. ನಾನು ಆ ಮಾತನ್ನು ಫಸೀಲಾಳಿಂದ ಎರಡು ಸಲ ಹೇಳಿಸಿಕೊಂಡೆ. ರೆಕಾರ್ಡ್ ಮಾಡಿದ್ದೀಯಾ ಎಂದೂ ವಿಚಾರಿಸಿದೆ. ಮಾಡಿರಲಿಲ್ಲ. ಈಗಿನವರಿಗೆ ದಾಖಲೆಯ ಬೆಲೆ ಗೊತ್ತಿಲ್ಲ.

ಮೇ ಕೊನೆಗೆ ಗೌಡರು ಬಂದರು. ಕಪ್ಪಾಗಿದ್ದರು, ಸಣ್ಣಗಾಗಿದ್ದರು. ಚೀಲವನ್ನು ಮನೆಯಲ್ಲಿ ಇಟ್ಟವರೇ ನೇರ ಬೇಲಿಗೆ ಬಂದರು. ನಾನು ಫೈಲು ಹಿಡಿದು ಈಚೆ ನಿಂತಿದ್ದೆ. ಅವರು ಕುಕ್ಕರುಗಾಲಿನಲ್ಲಿ ಕುಳಿತು, ಹಳೇ ಗೂಟದ ಗುಳಿಯಿಂದ ಹೊಸ ಗೂಟದವರೆಗೆ ಗೇಣು ಹಾಕುತ್ತಾ ಬಂದರು. ಈಚೆಯಿಂದ ನಾನೂ ಎಣಿಸುತ್ತಾ ಬಂದೆ.

"ಇಪ್ಪತ್ತು ಉಂಟು ಭಟ್ರೆ," ಎಂದರು. "ಹದಿನೆಂಟು ನಿಮ್ಮದೇ. ಎರಡು ನಂದು."

ಹದಿನೆಂಟು ನಿಮ್ಮದೇ! ಆ ಮಾತು ಕೇಳಿ ನನ್ನ ಕಣ್ಣು ತುಂಬಿದ್ದು ಸುಳ್ಳಲ್ಲ. ಫೈಲು ಇನ್ನು ಯಾಕೆ ಬೇಕು ಎಂದೂ ಅನಿಸಿತು. ಆ ಎರಡನ್ನು ನಾಳೆಯೇ ಬಿಟ್ಟುಕೊಡುತ್ತೇನೆ ಎನ್ನಲು ಬಾಯಿ ತೆರೆದೆ. ಆದರೆ ಅವರು ಬೇಲಿಯನ್ನು ನೋಡುತ್ತಿರಲಿಲ್ಲ. ನಾನು ಎಲ್ಲ ಕೀಳಿಸಿ ಬೋಳು ಮಾಡಿ ಏಳು ತಿಂಗಳು ಹಾಗೇ ಬಿಟ್ಟಿದ್ದ ನೆಲವನ್ನು ನೋಡುತ್ತಿದ್ದರು.

"ಸರಿಸಿದ್ದಕ್ಕೆ ಬೇಜಾರಿಲ್ಲ ಮಾರಾಯ್ರೆ," ಎಂದರು. "ಆದರೆ ಇಷ್ಟು ಸಮಯ ಎಂತದೂ ನೆಡಲಿಲ್ಲ ಅಲ್ಲ ನೀವು?"

ನಾನು ಫೈಲನ್ನು ಕಂಕುಳಿಗೆ ಸಿಕ್ಕಿಸಿ ಒಳಗೆ ಹೋದೆ. ಸಂಜೆ ದೇವಮ್ಮನವರು ಒಂದು ಬುಟ್ಟಿ ಅನಾನಸಿನ ಸಸಿ ತಂದು, ಬೇಲಿಯ ಮೇಲಿಂದ ನನ್ನ ಬದಿಗೆ ಇಳಿಸಿ ಹೋದರು. ಮರುದಿನ ಎರಡು ಗೇಣನ್ನು ಅವರಿಗೆ ಬಿಟ್ಟು ಬೇಲಿ ಹಾಕಿಸಿದೆ. ಹದಿನೆಂಟು ಗೇಣಿನಲ್ಲಿ ನಾನೇ ಕೂತು ಸಸಿ ನೆಟ್ಟೆ. ಎಲ್ಲ ಮುಗಿದ ಮೇಲೂ ಬುಟ್ಟಿಯಲ್ಲಿ ಆರು ಸಸಿಗಳು ಉಳಿದಿದ್ದವು. ಒಳ್ಳೆಯ ಸಸಿಗಳನ್ನು ಬಿಸಾಡಲು ಮನಸ್ಸಾಗದೆ, ಬೇಲಿಯಿಂದ ಒಂದು ಗೇಣು ಆಚೆಗೆ ಸಾಲಾಗಿ ನೆಟ್ಟಿದ್ದೇನೆ.